ಮೀಟರಿಗೆ ಸಿಗದ ಒಂದು ವೋಲ್ಟು

ಅರಸೀಕೆರೆ,
ಭಾನುವಾರ, ೨೨-೧೧-೧೯೯೮

ಪ್ರೀತಿಯ ಮೀನಾಕ್ಷಿಗೆ,

ಕವರಿನ ಮೇಲಿನ ಅಕ್ಷರ ನೋಡಿಯೇ ಯಾರದ್ದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕದೆ ಇಷ್ಟು ಓದಿದ್ದರೆ ಅದೇ ದೊಡ್ಡದು. ಅವ್ವ ಚೆನ್ನಾಗಿದ್ದಾಳೆ, ಮಂಡಿನೋವು ಮಾತ್ರ ಹಾಗೇ ಇದೆ. ನಾನು ಕಾಗದ ಹಿಡಿದು ಕೂತದ್ದನ್ನು ನೋಡಿ, "ಏನ್ಲಾ ಪುಟ್ಟರಾಜ, ಎರಡು ವರ್ಸ ಆದ್ಮೇಲೆ ಪೆನ್ನು ಸಿಕ್ತಾ ನಿಂಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಲೆಕ್ಕ ಹಾಕಿದರೆ ಎರಡು ವರ್ಷ ಐದು ತಿಂಗಳು. ನೀನು ಹಳೇಬೀಡಿನ ಹೈಸ್ಕೂಲಿಗೆ ವರ್ಗವಾಗಿ ಹೋದೆ, ಬಸ್ತಿಹಳ್ಳಿಯಲ್ಲಿ ರೂಮು ಮಾಡಿದೆ. ಮೊದಲು ಶನಿವಾರ ಶನಿವಾರ ಬರುತ್ತಿದ್ದೆ. ತೊಂಬತ್ತಾರರ ದೀಪಾವಳಿ ಆದ ಮೇಲೆ ಅದೂ ನಿಂತಿತು. ಯಾಕೆ ನಿಲ್ಲಿಸಿದೆ ಎಂದು ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಕೇಳಿದರೆ ಏನು ಹೇಳುತ್ತೀಯೆಂದು ನನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಸಂಸಾರದ ವಿಷಯ ನೇರವಾಗಿ ಬರೆಯಲು ನನಗೆ ಕೈ ಬರುವುದಿಲ್ಲ. ಕೆಲಸದ ವಿಷಯದಿಂದ ಶುರುಮಾಡುತ್ತೇನೆ.

ಬೇಲೂರಿನ ಶ್ರೀರಂಗಮ್ಮನವರ ಆಂಪ್ಲಿಫೈಯರ್ ನಿನಗೆ ಮರೆತಿರಲಿಕ್ಕಿಲ್ಲ. ನಾವಿಬ್ಬರೂ ಕಡೆಯ ಸಲ ಒಟ್ಟಿಗೆ ಬಗ್ಗಿ ನೋಡಿದ ವಸ್ತು ಅದು. ಕಂದು ಬಟ್ಟೆ ಅಂಟಿಸಿದ ಮರದ ಪೆಟ್ಟಿಗೆ, ಒಳಗೆ ಮೂರು ವಾಲ್ವು, ಒಂದು ಸ್ಪೀಕರು. ಅಮೇರಿಕದ ಮಾಲು. ನಮ್ಮ ಕರೆಂಟಿಗೆ ಹೊಂದುವುದಿಲ್ಲವಾದ್ದರಿಂದ ಪಕ್ಕದಲ್ಲೊಂದು ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡೇ ಓಡಿಸಬೇಕು. ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರಿಗೆಂದೇ ಮಾಡಿದ್ದು.

ತೊಂಬತ್ತಾರರ ಮೇ ತಿಂಗಳಲ್ಲಿ ಅದನ್ನು ನನ್ನ ರಿಪೇರಿ ಅಂಗಡಿಗೆ ತಂದವರು ಅವರ ಮಗ ಸಂಪತ್ಕುಮಾರ್, ತಾಲ್ಲೂಕು ಕಚೇರಿಯ ಗುಮಾಸ್ತರು. ದನಿ ಒಡೆದಂತಾಗಿದೆ, ನಡುನಡುವೆ ಕರಕರ ಎನ್ನುತ್ತದೆ ಎಂದರು. ಆಮೇಲೆ ನಡೆದದ್ದು ನಿನ್ನ ನೆನಪಿನಲ್ಲಿ ಹೇಗಿದೆಯೋ, ನನ್ನ ನೆನಪಿನಲ್ಲಿರುವುದನ್ನು ಬರೆಯುತ್ತೇನೆ. ತಪ್ಪಿದ್ದರೆ ತಿದ್ದು. ತಿದ್ದುವುದು ನಿನ್ನ ಕೆಲಸ ಎಂದು ಈಗ ಗೌರವದಿಂದ ಹೇಳುತ್ತಿದ್ದೇನೆ, ಆವತ್ತಿನ ಹಾಗಲ್ಲ.

ಬಿಚ್ಚಿ ನೋಡಿದರೆ ಮೊದಲನೇ ವಾಲ್ವಿನ ಕ್ಯಾಥೋಡನ್ನು ನೇರವಾಗಿ ಪೆಟ್ಟಿಗೆಯೊಳಗಿನ ಕಬ್ಬಿಣದ ತಟ್ಟೆಗೇ, ಚಾಸಿಗೇ, ಬೆಸೆದಿದ್ದರು. ನಾನು ವಾಲ್ವ್ ಕೆಲಸ ಕಲಿತದ್ದೆಲ್ಲ ಮೈಕ್‌ಸೆಟ್ಟಿನ ಆಂಪ್ಲಿಫೈಯರ್‌ಗಳ ಮೇಲೆ. ಅವುಗಳಲ್ಲಿ ಕ್ಯಾಥೋಡಿನ ಕೆಳಗೆ ಒಂದು ರೆಸಿಸ್ಟೆನ್ಸ್ ಇದ್ದೇ ಇರುತ್ತದೆ. ಇಲ್ಲಿ ಅದೇ ಇಲ್ಲ. "ಯಾವನೋ ಅರೆಬರೆ ಕಲಿತವನು ಕೈ ಹಾಕಿ ಕಿತ್ತುಬಿಟ್ಟಿದ್ದಾನೆ ಸಾರ್," ಎಂದೆ ಸಂಪತ್ಕುಮಾರರಿಗೆ. ನೀನು ಶಾಲೆ ರಜದಲ್ಲಿದ್ದೆ, ನನಗೆ ಊಟದ ಕ್ಯಾರಿಯರ್ ತಂದಿದ್ದೆ. ಕ್ಯಾರಿಯರ್ ಕೆಳಗಿಟ್ಟು ಬಗ್ಗಿ ನೋಡಿದೆ. ಗ್ರಿಡ್ಡಿನ ಹತ್ತಿರ ಇದ್ದ ಐದು ಮೆಗ್‌ಓಮಿನ ದೊಡ್ಡ ರೆಸಿಸ್ಟೆನ್ಸು, ಅದರ ಮುಂದಿದ್ದ ಮೇಣ ಸುರಿದ ಕಂಡೆನ್ಸರು, ಎರಡನ್ನೂ ಬೆರಳಿಟ್ಟು ತೋರಿಸಿ, "ಯಾರೂ ಕಿತ್ತಿಲ್ಲ ಕಣ್ರೀ. ಹೀಗೇ ಕಟ್ಟಿರೋದು. ಇದಕ್ಕೆ ಬಯಾಸು ಗ್ರಿಡ್ಡಿಂದಲೇ ಬರುತ್ತೆ," ಎಂದೆ.

ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತಿದ್ದೇನೆ. ನಾನು ಈಗ ಅರ್ಥ ಮಾಡಿಕೊಂಡಿರುವುದು ಸರಿಯೇ ನೋಡು. ವಾಲ್ವಿನೊಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಪ್ಲೇಟಿನ ಕಡೆ ಓಡುತ್ತವೆ. ನಡುವೆ ಗ್ರಿಡ್ ಎನ್ನುವ ಜಾಲರಿ. ಆ ಜಾಲರಿ ಕ್ಯಾಥೋಡಿಗಿಂತ ಒಂದಿಷ್ಟು ನೆಗೆಟಿವ್ ಆಗಿದ್ದರೆ ಓಟ ಹದದಲ್ಲಿರುತ್ತದೆ. ಆ ಹದವೇ ಬಯಾಸು. ಮೈಕ್‌ಸೆಟ್ಟಿನಲ್ಲಿ ಕ್ಯಾಥೋಡಿನ ಕೆಳಗೆ ರೆಸಿಸ್ಟೆನ್ಸ್ ಇಟ್ಟು ಆ ಹದ ತರುತ್ತಾರೆ. ಕೆಲವರು ಗ್ರಿಡ್ಡಿಗೆ ಬೇರೆ ಕಡೆಯಿಂದ, ಒಂದು ಸೆಲ್ಲಿನಿಂದಲೋ ಇನ್ನೊಂದರಿಂದಲೋ, ನೆಗೆಟಿವ್ ಕೊಡುತ್ತಾರೆ. ಈ ಹಳೇ ಪೆಟ್ಟಿಗೆಯಲ್ಲಿ ಎರಡೂ ಇಲ್ಲ. ಹಾದುಹೋಗುವ ಎಲೆಕ್ಟ್ರಾನುಗಳಲ್ಲಿ ಒಂದಷ್ಟು ತಾವಾಗಿಯೇ ಗ್ರಿಡ್ಡಿಗೆ ತಗುಲಿ ಕೂರುತ್ತವೆ. ದೊಡ್ಡ ರೆಸಿಸ್ಟೆನ್ಸಿನ ಮೂಲಕ ಮೆಲ್ಲಮೆಲ್ಲಗೆ ಇಳಿಯುತ್ತವೆ. ಹಾಗೆ ಇಳಿಯುವಾಗ ಉಳಿಯುವ ಒಂದು ವೋಲ್ಟಿಗೂ ಕಡಿಮೆಯ ನೆಗೆಟಿವ್ವೇ ಅದರ ಬಯಾಸು. ಅದು ಗಿಟಾರಿನ ಕಡೆಗೆ ಸೋರಿ ಹೋಗದಿರಲೆಂದು ಮುಂದೊಂದು ಕಂಡೆನ್ಸರು.

ನೀನು ಇದನ್ನೇ ಹೇಳಿದೆ. ನಾನು ಮೀಟರ್ ತೆಗೆದು ಗ್ರಿಡ್ಡಿಗೆ ಹಚ್ಚಿ, ಸಂಪತ್ಕುಮಾರರಿಗೂ ಕಾಣುವ ಹಾಗೆ ಮುಳ್ಳು ತೋರಿಸಿದೆ. ಸೊನ್ನೆ. "ಎಲ್ಲಿದೆ ನಿನ್ನ ವೋಲ್ಟು?" ಎಂದೆ. ನೀನು ಕೋಪ ಮಾಡಿಕೊಳ್ಳಲಿಲ್ಲ. "ಅಲ್ಲಿರೋದೇ ಚೂರು, ಅದನ್ನ ನಿಮ್ಮ ಮೀಟರೇ ಕುಡಿದುಬಿಡುತ್ತೆ ಕಣ್ರೀ. ಅಲ್ಲಿ ಮುಟ್ಟಬೇಡಿ. ಗಿಟಾರಿನ ವೈರು ಹಾಕಿ ಒಂದು ಸಲ, ತೆಗೆದು ಒಂದು ಸಲ ಪ್ಲೇಟಿನ ಕಡೆ ಅಳೀರಿ. ವ್ಯತ್ಯಾಸ ಬಂದರೆ ಕಂಡೆನ್ಸರ್ ಸೋರುತ್ತಿದೆ ಅಂತ. ಅದೊಂದನ್ನ ಬದಲಾಯಿಸಿದ್ರೆ ಸಾಕು," ಎಂದೆ.

ಅದಕ್ಕೆ ನಾನು ಹೇಳಿದ್ದು ನಿನಗೂ ಗೊತ್ತು. ಆದರೂ ನನ್ನ ಕೈಯಿಂದಲೇ ಬರೆಯಬೇಕು. "ಮೇಡಮ್ಮೋರೆ, ಬೋರ್ಡಿನ ಮೇಲೆ ಬರೆಯೋದು ಬೇರೆ, ಇಲ್ಲಿ ಕೆಲಸ ಮಾಡೋದು ಬೇರೆ. ನೀವು ಮಕ್ಕಳಿಗೆ ಪಾಠ ಹೇಳಿ. ನನ್ನ ಟೇಬಲ್ ಮುಟ್ಟಬೇಡಿ." ಸಂಪತ್ಕುಮಾರ್ ನಕ್ಕರು. ಪಾಪ, ನಗಬೇಕೇನೋ ಅಂದುಕೊಂಡು ನಕ್ಕರು. ನೀನು ಖಾಲಿ ಕ್ಯಾರಿಯರ್‌ಗೂ ಕಾಯದೆ ಹೋದೆ. ನಾನು ಕ್ಯಾಥೋಡಿನ ಕೆಳಗೆ ರೆಸಿಸ್ಟೆನ್ಸ್ ಹಾಕಿದೆ, ಗ್ರಿಡ್ಡಿನ ಹಳೆಯದೆಲ್ಲ ಕಿತ್ತೆ. ಒಡಕು ದನಿ ಹೋಯಿತು. ಪೆಟ್ಟಿಗೆ ಮೊದಲಿಗಿಂತ ಜೋರಾಗಿ, ಚೊಕ್ಕವಾಗಿ ಕೂಗಿತು. ಮನೆಗೆ ಬಂದು, "ನೋಡಿದೆಯಾ?" ಎಂದು ಕೇಳಿದೆ. ನೀನು ಅನ್ನ ಬಡಿಸಿ ಒಳಗೆ ಹೋದೆ. ಹತ್ತೇ ದಿನಕ್ಕೆ ವರ್ಗದ ಆರ್ಡರ್ ಬಂತು. "ಕ್ಯಾನ್ಸಲ್‌ಗೆ ಅರ್ಜಿ ಕೊಡಲಾ, ಇಲ್ಲಾ ನೀವೂ ಬರ್ತೀರಾ?" ಎಂದು ನೀನು ಕೇಳಿದೆ. ನಾನು "ನಿನ್ನಿಷ್ಟ" ಎಂದೆ. ಆ ಎರಡು ಪದ ಹೇಳಿ ಪೇಟೆಗೆ ಹೊರಟುಬಿಟ್ಟೆ.

ಇಷ್ಟು ಹಳೆಯದು. ಇನ್ನು ಈಗಿನದು.

ಹೋದ ತಿಂಗಳು, ಆಯುಧಪೂಜೆ ಕಳೆದು ವಾರವಾಗಿತ್ತು. ಬೆಳಿಗ್ಗೆ ಅಂಗಡಿ ತೆಗೆದು ಕಸ ಹೊಡೆಯುತ್ತಿದ್ದೆ. ಒಬ್ಬ ವಯಸ್ಸಾದ ಹೆಂಗಸು ಆಟೋದಿಂದ ಇಳಿದರು. ಒಂದು ಕೈಯಲ್ಲಿ ಗಿಟಾರಿನ ಪೆಟ್ಟಿಗೆ, ಹಿಂದೆ ಆಟೋದವನ ತಲೆ ಮೇಲೆ ಆ ಕಂದು ಆಂಪ್ಲಿಫೈಯರ್. ಬೇಲೂರಿಂದ ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ, ಕಂಡಕ್ಟರ್ ಕೆಳಗಿಡಿ ಎಂದರೂ ಕೇಳದೆ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರು. ಅವರೇ ಶ್ರೀರಂಗಮ್ಮ. ಅರವತ್ತೇಳು ವರ್ಷ. ದೇವಸ್ಥಾನದ ಕೈಂಕರ್ಯದ ಮನೆತನದವರು. ಗಂಡ ರೈಲ್ವೆ ಗುಮಾಸ್ತರಾಗಿದ್ದಾಗ ಇಲ್ಲಿಯೇ, ಅರಸೀಕೆರೆಯ ರೈಲ್ವೆ ಕಾಲೋನಿಯಲ್ಲಿ, ಒಂಬತ್ತು ವರ್ಷ ಸಂಸಾರ ಮಾಡಿದವರು.

ಸ್ಟೂಲ್ ಕೊಟ್ಟೆ. ಕೂತು, ಸುಧಾರಿಸಿಕೊಂಡು ಹೇಳಿದರು: "ನೋಡಪ್ಪ, ನಿನ್ನ ಮೇಲೆ ದೂರು ಹೇಳಕ್ಕೆ ಬಂದಿಲ್ಲ. ನನ್ನ ಕಿವಿಗೆ ವಯಸ್ಸಾಯ್ತೇನೋ, ಹೊಸ ದನಿಗೆ ಒಗ್ಗಲಿ ಅಂತ ಎರಡು ವರ್ಷ ಕಾದೆ. ಒಗ್ಗಲಿಲ್ಲ. ದನಿ ದೊಡ್ಡದಾಗಿದೆ, ಉಸಿರು ಹೋಗಿದೆ. ಮೊದಲು ಹೇಗಿತ್ತೋ ಹಾಗೇ ಮಾಡಿಕೊಡು."

ಮೀನಾ, ನನ್ನ ಕೆಲಸಕ್ಕೆ ಹೆಸರಿಟ್ಟವರ ಮೇಲೆ ನನಗೆ ಎಷ್ಟು ಬೇಗ ಸಿಟ್ಟು ಬರುತ್ತದೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವತ್ತು ಬರಲಿಲ್ಲ. ಎರಡು ವರ್ಷ ತನ್ನ ಕಿವಿಯನ್ನೇ ಅನುಮಾನಿಸಿ, ಆಮೇಲೆ ಬೇರೆಯವರನ್ನು ಅನುಮಾನಿಸಲು ಬಂದವರ ಮೇಲೆ ಹೇಗೆ ಸಿಟ್ಟು ಮಾಡುವುದು?

ಅವರ ಕತೆ ಕೇಳು. ಕಾಲೋನಿಯಲ್ಲಿ ಪಕ್ಕದ ಮನೆ ಒಬ್ಬ ಆಂಗ್ಲೋ-ಇಂಡಿಯನ್ ಡ್ರೈವರದು. ಡ್ರೈವರ ಹೆಂಡತಿ ಐರೀನ್ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದರಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಶ್ರೀರಂಗಮ್ಮ ಬೇಲಿಯ ಈಚೆ ಬಟ್ಟೆ ಒಣಗಿಸುತ್ತಾ ಕೇಳುತ್ತಿದ್ದರು. ಒಂದು ದಿನ ಐರೀನಮ್ಮ ಕರೆದು ತೊಡೆಯ ಮೇಲೆ ಗಿಟಾರ್ ಇಟ್ಟರು. ಅತ್ತೆ ತಡೆಯಲಿಲ್ಲ, ಆದರೆ ಒಂದು ಕಟ್ಟಳೆ ಹಾಕಿದರು: ಆ ಮನೆಗೆ ಹೋಗಿ ಬಂದರೆ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. "ಏಳು ವರ್ಷ ಪಾಠ ಆಯ್ತು. ಏಳು ವರ್ಷವೂ ಸ್ನಾನ ಮಾಡಿದೆ. ಮಾರ್ಗಶಿರದ ಚಳೀಲೂ ಮಾಡಿದೆ. ಒಂದು ಪಾಠ ಮಾತ್ರ ತಪ್ಪಿಸಲಿಲ್ಲ," ಎಂದು ನಕ್ಕರು. ೧೯೬೧ರಲ್ಲಿ ಐರೀನಮ್ಮನವರು ಆಸ್ಟ್ರೇಲಿಯಾಕ್ಕೆ ಹೋಗುವಾಗ ಗಿಟಾರನ್ನೂ ಪೆಟ್ಟಿಗೆಯನ್ನೂ ಇವರಿಗೇ ಬಿಟ್ಟುಹೋದರು. ಅವರಿಗೀಗ ಎಂಬತ್ತನಾಲ್ಕು, ಪರ್ತ್ ಎಂಬ ಊರಿನಲ್ಲಿದ್ದಾರೆ. ಕಣ್ಣು ಹೋಗಿದೆ. ಡಿಸೆಂಬರಿನಲ್ಲಿ ಹೃದಯದ ಆಪರೇಷನ್ ಇದೆ. ಅದಕ್ಕೆ ಮೊದಲು ಆ ಗಿಟಾರನ್ನು ಆ ಪೆಟ್ಟಿಗೆಯಲ್ಲೇ ನುಡಿಸಿ ಒಂದು ಕ್ಯಾಸೆಟ್ ಕಳಿಸು ಎಂದು ಮಗಳ ಕೈಯಿಂದ ಬರೆಸಿದ್ದಾರೆ. "ಅವರು ಮೊದಲನೇ ಸ್ವರಕ್ಕೇ ಕಂಡುಹಿಡೀತಾರಪ್ಪ. ಇದು ಆ ಪೆಟ್ಟಿಗೆ ಅಲ್ಲ ಅಂತಾರೆ. ನಾನೇನು ಉತ್ತರ ಹೇಳಲಿ?"

ಎರಡು ವಾರದ ಗಡುವು ತೆಗೆದುಕೊಂಡೆ. ಕಿತ್ತ ಸಾಮಾನು ಡಬ್ಬಿಯಲ್ಲೇ ಇತ್ತು. ಕ್ಯಾಥೋಡನ್ನು ಮತ್ತೆ ಚಾಸಿಗೆ ಬೆಸೆದೆ. ಐದು ಮೆಗ್‌ಓಮಿನದು ಕಿತ್ತಾಗಲೇ ಮುರಿದಿತ್ತು, ಒಂದೊಂದು ಮೆಗ್‌ಓಮಿನ ಐದನ್ನು ಸಾಲಾಗಿ ಸೇರಿಸಿದೆ. ಅದೇ ಹಳೇ ಕಂಡೆನ್ಸರ್ ಹಾಕಿದೆ. ಮೊದಲಿದ್ದ ಹಾಗೇ ಮಾಡಬೇಕಲ್ಲ! ಓಡಿಸಿದೆ. ಅದೇ ಒಡಕು ದನಿ, ಅದೇ ಕರಕರ. ಮೀಟರ್ ಹಚ್ಚಿದೆ, ಸೊನ್ನೆ. ಮೂರು ದಿನ ಹಾಗೇ ಕೂತೆ. ನೀನು ಹೇಳಿದ್ದು ತಲೆಯಲ್ಲಿತ್ತು. ಆದರೆ ಅದನ್ನು ಮಾಡಿ ನೋಡಲು ಕೈ ಹೋಗಲಿಲ್ಲ. ಸರಿಹೋದರೆ ಏನು ಗತಿ ಎಂಬ ಭಯ. ಸರಿಹೋಗದಿದ್ದರೆ ಅಂತ ಅಲ್ಲ, ಹೋದರೆ.

ನಾಲ್ಕನೇ ದಿನ ಬಸ್ಸು ಹತ್ತಿ ಹಳೇಬೀಡಿಗೆ ಬಂದೆ. ಹೌದು, ಬಂದಿದ್ದೆ. ನಿನಗೆ ಹೇಳದೆ ಇರಬಹುದಿತ್ತು. ನಿನ್ನನ್ನೇ ಕೇಳಿಬಿಡೋಣ ಎಂದು ಗಟ್ಟಿಮನಸ್ಸು ಮಾಡಿ ಶಾಲೆಯ ಕಾಂಪೌಂಡಿನವರೆಗೆ ನಡೆದೆ. ನೀನು ಕೊನೆಯ ಕೋಣೆಯಲ್ಲಿ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಗೋಡೆಯಾಚೆ ಹೊಂಗೆ ಮರದ ಹತ್ತಿರ ನಿಂತರೆ ಎಲ್ಲಾ ಕೇಳಿಸುತ್ತದೆ. ದರ್ಪಣದ ಪಾಠ. ಒಬ್ಬ ಹುಡುಗಿ ಎದ್ದು, ಕನ್ನಡಿಯಲ್ಲಿ ಎಡಗೈ ಬಲಗೈ ಅದಲುಬದಲಾಗುತ್ತದೆ, ತಲೆ ಕಾಲು ಯಾಕೆ ಅದಲುಬದಲಾಗುವುದಿಲ್ಲ ಮಿಸ್ ಎಂದು ಕೇಳಿದಳು. ನೀನು ಹೇಳಿದೆ: "ಒಳ್ಳೇ ಪ್ರಶ್ನೆ ಕಣೇ. ನಿನಗೆ ಒಪ್ಪೋ ಹಾಗೆ ಹೇಳಕ್ಕೆ ಈಗ ನನಗೆ ಬರಲ್ಲ. ಓದಿಕೊಂಡು ಬಂದು ನಾಳೆ ಹೇಳ್ತೀನಿ. ನೀವೂ ಯೋಚನೆ ಮಾಡ್ಕೊಂಡು ಬನ್ನಿ."

ಐವತ್ತು ಮಕ್ಕಳ ಮುಂದೆ, ಮೀನಾ. ಯಾರೂ ನಗಲಿಲ್ಲ. ನಿನ್ನ ದನಿಯಲ್ಲಿ ನಾಚಿಕೆಯೂ ಇರಲಿಲ್ಲ. ನನಗೆ ಒಬ್ಬ ಗಿರಾಕಿಯ ಮುಂದೆ ಆ ಮಾತು ಹೇಳಲು ಆಗಿರಲಿಲ್ಲ. ಹತ್ತೊಂಬತ್ತು ವರ್ಷದ ಕೆಲಸ, ಅಂಗಡಿ, ಬೋರ್ಡು ಎಲ್ಲಾ ಇದ್ದೂ ನನಗೆ ಬರದ ಒಂದು ವಿದ್ಯೆ ನಿನಗೆ ಸಲೀಸಾಗಿ ಬರುತ್ತಿತ್ತು. ಕಾಂಪೌಂಡಿನ ಗೋಡೆ ಹಿಡಿದು ನಿಂತೇ ಇದ್ದೆ. ಗಂಟೆ ಹೊಡೆದಾಗ ನಿನ್ನನ್ನು ನೋಡುವ ಮುಖವಿಲ್ಲದೆ ಬಸ್‌ಸ್ಟ್ಯಾಂಡಿಗೆ ವಾಪಸು ನಡೆದೆ. ಆ ಹುಡುಗಿಗೆ ಮಾರನೇ ದಿನ ನೀನು ಏನು ಹೇಳಿದೆ? ಆ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದವನೇ ನೀನು ಹೇಳಿದ ಹಾಗೇ ಮಾಡಿದೆ. ಗ್ರಿಡ್ಡು ಮುಟ್ಟಲಿಲ್ಲ. ಗಿಟಾರಿನ ವೈರು ಚುಚ್ಚಿ ಪ್ಲೇಟಿನಲ್ಲಿ ಅಳೆದೆ, ವೋಲ್ಟೇಜು ಕುಸಿದಿತ್ತು. ವೈರು ಕಿತ್ತೆ, ಮುಳ್ಳು ನನ್ನ ಕಣ್ಣೆದುರೇ ಮೇಲೆದ್ದಿತು. ಕಂಡೆನ್ಸರು ಸೋರುತ್ತಿತ್ತು. ಹೊಸದು ಹಾಕಿದೆ. ನಾನು ಗಿಟಾರ್ ನುಡಿಸುವವನಲ್ಲ, ಸುಮ್ಮನೆ ಒಂದು ತಂತಿ ಮೀಟಿದೆ. ಆ ದನಿಯನ್ನು ಹೇಗೆ ಬರೆಯಲಿ? ಶುರುವಿನಲ್ಲಿ ಸ್ವಲ್ಪ ಮಂದ, ನಡುವೆ ತುಂಬು, ಕೊನೆಗೆ ಯಾರೋ ಮಾತು ಮುಗಿಸಿ ಉಸಿರು ಬಿಟ್ಟ ಹಾಗೆ. ಇಡೀ ಪೆಟ್ಟಿಗೆಗೆ ಆಗಿದ್ದು ಒಂದು ಕಂಡೆನ್ಸರಿನ ಕಾಯಿಲೆ. ನೀನು ನಿಂತ ನಿಲುವಿನಲ್ಲೇ, ಕ್ಯಾರಿಯರ್ ಕೆಳಗಿಟ್ಟು ಐದು ನಿಮಿಷದಲ್ಲಿ ಹೇಳಿದ್ದೆ. ನಾನು ಅದಕ್ಕೆ ಎರಡು ವರ್ಷ ತೆಗೆದುಕೊಂಡೆ.

ಆದರೂ ನನ್ನ ಬುದ್ಧಿ ನೋಡು, ಇನ್ನೊಂದು ಪರೀಕ್ಷೆ ಮಾಡದೆ ಬಿಡಲಿಲ್ಲ. ಶ್ರೀರಂಗಮ್ಮ ಬಂದಾಗ ಬಯಾಸಿನ ಮೂರು ವಿಧವನ್ನೂ ಕೇಳಿಸೋಣ, ಯಾವುದು ಯಾವುದೆಂದು ಹೇಳದೆ, ಅವರೇ ಆರಿಸಲಿ ಎಂದು ಸ್ವಿಚ್ಚು ಕಟ್ಟಿಟ್ಟೆ. ಅವರು ಕಣ್ಣು ಮುಚ್ಚಿ ಪ್ರತಿ ಸಲವೂ ಅದೇ ನಾಲ್ಕು ಸ್ವರ ನುಡಿಸಿದರು. ಮೊದಲು ನನ್ನದು, ಕ್ಯಾಥೋಡಿನ ರೆಸಿಸ್ಟೆನ್ಸು. "ಇದು ಮನೇಲಿ ಇದ್ದಿದ್ದು. ಮೈಕಿನ ಮುಂದೆ ನಿಂತು ಭಾಷಣ ಮಾಡಿದ ಹಾಗೆ," ಎಂದರು. ಎರಡನೆಯದಕ್ಕೆ ಗ್ರಿಡ್ಡಿಗೆ ಪೆನ್‌ಟಾರ್ಚಿನ ಸೆಲ್ ಕಟ್ಟಿದ್ದೆ. ಸ್ವಲ್ಪ ಕೇಳಿ, "ಇದೂ ಚೊಕ್ಕವಾಗಿದೆ. ನೆಂಟರ ಮನೇಲಿ ಹೊತ್ತಿಗೆ ಸರಿಯಾಗಿ ಎಲೆ ಹಾಕಿ ಬಡಿಸ್ತಾರಲ್ಲ, ಹಾಗೆ," ಎಂದರು. ಮೂರನೆಯದಕ್ಕೆ ಒಂದೇ ಸ್ವರ. ಉಳಿದ ಮೂರು ನುಡಿಸಲೇ ಇಲ್ಲ. ಕೈ ತಂತಿಯ ಮೇಲಿಟ್ಟುಕೊಂಡು ಹಾಗೇ ಕೂತರು. ಹೊರಗೆ ತಿಪಟೂರು ಬಸ್ಸು ಹಾರ್ನ್ ಮಾಡುತ್ತಿತ್ತು.

ಆಮೇಲೆ ದಪ್ಪ ತಂತಿಯನ್ನು ಬೇಕೆಂದೇ ಜೋರಾಗಿ ಮೀಟಿದರು. ದನಿ ಗಂಟಲಲ್ಲಿ ಸಿಕ್ಕಿಕೊಂಡಂತಾಗಿ ಒಂದು ಕ್ಷಣ ನಿಂತು ಮತ್ತೆ ಬಂತು. ನನಗೆ ಗಾಬರಿಯಾಯಿತು. ಹೆಚ್ಚು ಹೊಡೆತ ಬಿದ್ದರೆ ಗ್ರಿಡ್ಡು ಹೆಚ್ಚು ಎಲೆಕ್ಟ್ರಾನ್ ಹಿಡಿದು ವಾಲ್ವು ಸ್ವಲ್ಪ ಹೊತ್ತು ಬಾಯಿ ಮುಚ್ಚಿಬಿಡುತ್ತದೆ, ಅದು ಈ ಪದ್ಧತಿಯ ದೋಷ ಅಮ್ಮ, ಎಂದು ಸಮಜಾಯಿಷಿ ಹೇಳಲು ಹೋದೆ. ಅವರು ಕೈಯೆತ್ತಿ ತಡೆದರು. "ದೋಷ ಅಲ್ಲಪ್ಪ. ಐರೀನಮ್ಮ ನನಗೆ ಕಲಿಸಿದ್ದೇ ಇದರಲ್ಲಿ. ಹೊಡೆದರೆ ಮುನಿಸಿಕೊಳ್ಳುತ್ತೆ, ಮೆಲ್ಲಗೆ ಕೇಳು, ಎಲ್ಲಾ ಕೊಡುತ್ತೆ ಅನ್ನೋರು. ನೀನು ಮಾಡಿದ ಮೇಲೆ ಎಷ್ಟು ಹೊಡೆದರೂ ಸಹಿಸಿಕೊಳ್ಳೋದು. ಅದಕ್ಕೇ ನನಗೆ ಅದು ಪರಕೀಯ ಆಗಿದ್ದು."

ಹೊರಡುವಾಗ ಕೇಳಿದರು: "ಆವತ್ತು ಅಂಗಡೀಲಿ ಒಬ್ಬರು ಮೇಡಂ ಇದ್ದರಂತಲ್ಲ, ಒಂದು ಕಂಡೆನ್ಸರ್ ಬದಲಾಯಿಸಿ ಸಾಕು ಅಂದವರು. ಸಂಪತ್ತು ಹೇಳ್ತಿದ್ದ. ನಿನ್ನ ಮನೆಯವರಂತೆ. ಎಲ್ಲಿದ್ದಾರೆ? ಅವರನ್ನ ನೋಡಬೇಕಿತ್ತು." ನಾನು, "ಹಾಸನಕ್ಕೆ ಟ್ರೈನಿಂಗ್‌ಗೆ ಹೋಗಿದ್ದಾಳೆ ಅಮ್ಮ," ಎಂದುಬಿಟ್ಟೆ. ನಾಲಗೆ ತಾನಾಗಿ ಹೊರಳಿತು.

ಹೋದ ಭಾನುವಾರ ಬೇಲೂರಿನ ಅವರ ಮನೆಯಲ್ಲಿ ರೆಕಾರ್ಡಿಂಗ್. ನನ್ನ ಒಳ್ಳೆಯ ಟೇಪ್‌ರೆಕಾರ್ಡರ್, ಮೈಕು ತೆಗೆದುಕೊಂಡು ಹೋಗಿದ್ದೆ. ದೇವಸ್ಥಾನದ ಬೀದಿಯ ಆ ಮನೆಗಳ ಹೊಸಿಲ ಹತ್ತಿರ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಅಪ್ಪ ಕರಿಯಯ್ಯ ಇಂಥ ಮನೆಗಳಿಗೆ ಹಿತ್ತಲಿಂದ ಸೌದೆ ಹಾಕುತ್ತಿದ್ದವನು. ನಮ್ಮ ಮದುವೆ ನಾವು ಬುದ್ಧನ ಪಟದ ಮುಂದೆ ಮಾಡಿಕೊಂಡೆವು ಅಂದಮಾತ್ರಕ್ಕೆ ಕಾಲು ಅದನ್ನು ಮರೆಯುವುದಿಲ್ಲ. ಶ್ರೀರಂಗಮ್ಮ ಬಾಗಿಲಿಗೇ ಬಂದು, "ಯಾಕಪ್ಪ ಅಲ್ಲೇ ನಿಂತೆ? ಪ್ಲಗ್ಗು ನಡುಮನೇಲಿದೆ," ಎಂದರು. ಅಷ್ಟೇ. ತಮ್ಮ ಲೋಟದ ಜೊತೆಯ ಲೋಟದಲ್ಲೇ ಕಾಫಿ ಕೊಟ್ಟರು. ನಾನು ಅದನ್ನು ಗಮನಿಸಿದ್ದನ್ನು ಅವರೂ ಗಮನಿಸಿದರು.

ಗುಡಿಯ ಗಂಟೆ ನಿಲ್ಲುವವರೆಗೆ ಕಾದು ಶುರುಮಾಡಲು ಹೊರಟೆವು. ಕರೆಂಟು ಹೋಯಿತು. ಒಂದೂವರೆ ಗಂಟೆ ಕಾದೆವು. ಬಂದ ಮೇಲೆ ಅವರು ಒಂದು ದೇವರನಾಮ ನುಡಿಸಿದರು, ಆಮೇಲೆ ಐರೀನಮ್ಮ ಕಲಿಸಿದ್ದ ಒಂದು ಇಂಗ್ಲಿಷ್ ಮಟ್ಟು. ಬೆರಳಿನ ಗೆಣ್ಣುಗಳು ಊದಿವೆ, ಉಕ್ಕಿನ ತುಂಡು ಎರಡು ಸಲ ಜಾರಿತು. ನಿಲ್ಲಿಸಿ ಮತ್ತೆ ಮಾಡೋಣವೇ ಎಂದು ಕಣ್ಣಲ್ಲೇ ಕೇಳಿದೆ. ತಲೆಯಾಡಿಸಿ ಬೇಡ ಎಂದು ಮುಂದುವರಿಸಿದರು. ಅವರು ಎಲ್ಲಿಯೂ ತಂತಿಯನ್ನು ಹೊಡೆಯಲಿಲ್ಲ. ಪೆಟ್ಟಿಗೆ ಒಂದು ಸಲವೂ ಮುನಿಸಿಕೊಳ್ಳಲಿಲ್ಲ. ಒಂದು ವಸ್ತುವಿನ ಹದ ಅರಿತು ಅದರ ಜೊತೆ ನಲವತ್ತು ವರ್ಷ ಬಾಳಿದವರ ಕೈ ಹೇಗಿರುತ್ತದೆಂದು ನಾನು ಅಂದು ಕಂಡೆ.

ಮುಗಿದ ಮೇಲೆ ಐರೀನಮ್ಮನಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದರು. ಆಮೇಲೆ ಮೈಕನ್ನು ನನ್ನ ಕಡೆ ತಳ್ಳಿ, "ಈ ಪೆಟ್ಟಿಗೆಗೆ ಮತ್ತೆ ಜೀವ ಬರಿಸಿದವರು ಯಾರು ಅಂತ ಅವರಿಗೂ ತಿಳೀಲಿ. ಕನ್ನಡದಲ್ಲೇ ಹೇಳಪ್ಪ, ಸಂಪತ್ತು ತರ್ಜುಮೆ ಮಾಡ್ತಾನೆ," ಎಂದರು. ಟೇಪು ತಿರುಗುತ್ತಿತ್ತು. ನಾನು ಹೇಳಿದ್ದು ಇಷ್ಟು: "ಅಮ್ಮಾ, ನಮಸ್ಕಾರ. ನಿಮ್ಮ ಪೆಟ್ಟಿಗೆ ಕೆಡಿಸಿದವನು ನಾನು, ಪುಟ್ಟರಾಜು, ಅರಸೀಕೆರೆ. ಅದರ ಕಾಯಿಲೆ ಕಂಡುಹಿಡಿದವಳು ನನ್ನ ಹೆಂಡತಿ ಮೀನಾಕ್ಷಿ. ಹಳೇಬೀಡಿನ ಹೈಸ್ಕೂಲಿನಲ್ಲಿ ಮೇಡಂ. ಅವಳು ಎರಡು ವರ್ಷದ ಹಿಂದೆಯೇ ಸರಿಯಾಗಿ ಹೇಳಿದ್ದಳು. ನಾನು ಗಿರಾಕಿ ಎದುರು ಅವಳಿಗೆ ಅವಮಾನ ಮಾಡಿದೆ." ಸಂಪತ್ಕುಮಾರ್ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಕೊನೆಗೆ ತಮ್ಮ ಕಡೆಯಿಂದ ಒಂದು ವಾಕ್ಯ ಸೇರಿಸಿದರು. ಆವತ್ತು ನಾನೂ ನಕ್ಕಿದ್ದೆ ಅಂತ.

ಟೇಪ್ ನಿಲ್ಲಿಸಿದ ಮೇಲೆ ಶ್ರೀರಂಗಮ್ಮ ಕೇಳಿದರು: "ಹಾಗಾದರೆ ಟ್ರೈನಿಂಗ್‌ಗೆ ಹೋಗಿಲ್ಲ?"

"ಇಲ್ಲ ಅಮ್ಮ. ಎರಡು ವರ್ಷ ಆಯ್ತು."

ಸಮಾಧಾನ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ಗಿಟಾರನ್ನು ಬಟ್ಟೆಯಿಂದ ಒರೆಸುತ್ತಾ, "ಪರ್ತ್‌ವರೆಗೂ ಹೇಳಿದೀಯ. ಹಳೇಬೀಡೇನು ಅದಕ್ಕಿಂತ ದೂರವಾ?" ಎಂದರು.

ಅದಕ್ಕೇ ಈ ಕಾಗದ. ಕ್ಯಾಸೆಟ್ಟಿನ ಒಂದು ಪ್ರತಿ ಜೊತೆಗಿದೆ. ಇವತ್ತು ಇಲ್ಲಿಗೆ ಬಂದಿರುವ ಸಂಪತ್ಕುಮಾರ್ ನಾಳೆ ಕಚೇರಿ ಕೆಲಸದ ಮೇಲೆ ಹಳೇಬೀಡಿಗೆ ಬರುತ್ತಾರೆ, ಅವರ ಕೈಯಲ್ಲೇ ಕಳಿಸುತ್ತೇನೆ. ಅವರೂ ನಿನಗೆ ಏನೋ ಹೇಳಬೇಕಂತೆ. ಕ್ಯಾಸೆಟ್ಟಿನ ಮೊದಲ ಭಾಗ ಕೇಳು. ಕಡೆಯಲ್ಲಿ ನನ್ನ ದನಿ ಇದೆ; ಬೇಡವೆನಿಸಿದರೆ ಅಲ್ಲಿಗೆ ನಿಲ್ಲಿಸು.

ನೀನು ವಾಪಸು ಬಾ ಎಂದು ಬರೆಯುತ್ತಿಲ್ಲ. ಹಾಗೆ ಬರೆಯುವ ಹಕ್ಕು ನನಗಿದೆ ಎಂದು ಅನಿಸುತ್ತಿಲ್ಲ. ಹಳೇಬೀಡಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಮಳಿಗೆ ಖಾಲಿ ಇದೆ. ನೀನು ಒಪ್ಪಿದರೆ ನನ್ನ ಟೇಬಲ್ಲು ಅಲ್ಲಿಗೆ ತರಬಲ್ಲೆ. ಅವ್ವನೂ, "ನಡಿ ಮತ್ತೆ, ಎಲ್ಲಾದ್ರೂ ಒಲೆ ಒಂದೇಯ," ಎನ್ನುತ್ತಿದ್ದಾಳೆ. ನೀನು ಒಪ್ಪದಿದ್ದರೂ ಒಂದು ಮಾತು ತಿಳಿದಿರಲಿ. ನನಗೆ ಗೊತ್ತಿರುವವರಲ್ಲಿ ಈ ಕೆಲಸವನ್ನು ನಿನ್ನಷ್ಟು ಸ್ಪಷ್ಟವಾಗಿ ನೋಡಬಲ್ಲವರು ಇನ್ನೊಬ್ಬರಿಲ್ಲ. ಅದನ್ನು ನಾನು ಮದುವೆಯಾದ ಮೊದಲ ವರ್ಷವೇ ಕಂಡಿದ್ದೆ. ಕಂಡು ಹೆದರಿದ್ದೆ.

ನಿನ್ನ ಮಾತನ್ನು ತಡವಾಗಿ ಕೇಳಿಸಿಕೊಂಡ,
ಪುಟ್ಟರಾಜು

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದೆ ಕೆಳಗೆ ಬರೆಯುತ್ತಿರುವುದು: ಈ ಕವರಿನಲ್ಲಿ ಇನ್ನೊಂದು ಕಾಗದವಿದೆ. ನನ್ನದಲ್ಲ. ಲತಾಮಣಿ ಎನ್ನುವ ಮೇಡಂ ನಿನಗೆ ಬರೆದದ್ದು. ಅರಸೀಕೆರೆಯ ಶಾಲೆಯಲ್ಲಿದ್ದಾರೆ. ತಾಯಿ ಹಳೇಬೀಡಿನ ಹತ್ತಿರದ ಮಾದಿಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದಾರೆ. ನೀವು ಅರಸೀಕೆರೆಗೆ ಬನ್ನಿ, ನಾನು ಹಳೇಬೀಡಿಗೆ ಹೋಗುತ್ತೇನೆ, ಪರಸ್ಪರ ವರ್ಗಾವಣೆಗೆ ಇಬ್ಬರೂ ಅರ್ಜಿ ಕೊಡೋಣ ಎಂದು ಕೇಳಿದ್ದಾರೆ. ಬಂದದ್ದು ೧೯೯೬ರ ಜುಲೈನಲ್ಲಿ, ಅಂಗಡಿಯ ವಿಳಾಸಕ್ಕೆ. ಒಡೆದು ಓದಿದೆ. ನೀನಾಗಿಯೇ ಸೋತು ಬರಲಿ ಎಂದು ಡ್ರಾಯರಿನಲ್ಲಿಟ್ಟೆ. ಆಮೇಲಿನ ಒಂದೊಂದು ಶನಿವಾರ ನೀನು ಬಂದಾಗಲೂ ಅದು ಅಲ್ಲೇ ಇತ್ತು. ನಿನ್ನೆ ಮಾದಿಹಳ್ಳಿಗೆ ಆ ಮೇಡಮ್ಮನ ಮನೆ ಹುಡುಕಿಕೊಂಡು ಹೋಗಿ ಇದನ್ನು ಹೇಳಿದೆ. ಎರಡು ವರ್ಷದಿಂದ ಬೆಳಿಗ್ಗೆ ಶಾಲೆ, ಸಂಜೆ ಮಾದಿಹಳ್ಳಿಯ ಬಸ್ಸು, ಮತ್ತೆ ಮುಂಜಾನೆ ಮೊದಲ ಬಸ್ಸು ಎಂದು ಓಡಾಡುತ್ತಿದ್ದಾರೆ. ಬಾಗಿಲಲ್ಲೇ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. "ನಿಮ್ಮ ಹತ್ತಿರ ನನಗೇನೂ ಮಾತಿಲ್ಲ. ನಾನು ಬರೆದಿದ್ದು ಅವರಿಗೆ, ಉತ್ತರ ಕೊಡಬೇಕಾದೋರೂ ಅವರೇ. ಅಮ್ಮ ಇನ್ನೂ ಇದ್ದಾರೆ, ನಾನು ಈಗಲೂ ಸಿದ್ಧ ಅಂತ ತಿಳಿಸಿ," ಎಂದು ಬಾಗಿಲು ಹಾಕಿಕೊಂಡರು. ತಿಳಿಸಿದ್ದೇನೆ.